ಹವಾ ಶೋಧಕಗಳ ಆಯ್ಕೆ ಮತ್ತು ಬದಲಾವಣೆ: ವರ್ತಕರು ಗಮನಿಸಬೇಕಾದ ಅಂಶಗಳು

ಶೀತ ದೇಶಗಳಲ್ಲಿ ಮನೆಯನ್ನು ಬೆಚ್ಚಗಿಡುವ ಫರ್ನೇಸಿಗೆ ಫಿಲ್ಟರ್ ಅಳವಡಿಸುವುದೂ ಕಾಲಕಾಲಕ್ಕೆ ಅದನ್ನು ಬದಲಿಸುವುದೂ ಗೃಹಕೃತ್ಯದ ಒಂದು ಭಾಗ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿಗೆ ಫರ್ನೇಸಿನ ಅಗತ್ಯ ಬೀಳಲಿಲ್ಲ. ದಂಡು ಪ್ರದೇಶದ ಹಳೆಯ ಬಂಗಲೆಗಳಲ್ಲಿಯೂ ಚಳಿಗಾಲಕ್ಕೆ ಒಂದು ಅಗ್ಗಿಷ್ಟಿಕೆ ಸಾಕಾಗುತ್ತಿತ್ತು. ಇಲ್ಲಿ ಫಿಲ್ಟರ್ ಬಂದದ್ದು ಹವಾನಿಯಂತ್ರಣ ಯಂತ್ರದ ಮೂಲಕ. ಇಂದು ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಮಳಿಗೆಯಿಂದ ಮಹದೇವಪುರದ ಕಾರ್ಯಾಗಾರದ ಕಚೇರಿಯವರೆಗೆ ಅದು ಇರದ ಜಾಗ ಕಡಿಮೆ. ಆದರೂ ಅದರ ಆಯ್ಕೆಗೆ ಸಿಗಬೇಕಾದಷ್ಟು ಗಮನ ಸಿಗುತ್ತಿಲ್ಲ.

ಧೂಳು ಒಂದೇ ಬಗೆಯದಲ್ಲ

ಫಿಲ್ಟರ್ ಕೊಳ್ಳುವ ಮುನ್ನ ತಮ್ಮಲ್ಲಿ ಯಾವ ಬಗೆಯ ಧೂಳಿದೆ ಎಂಬುದನ್ನು ವರ್ತಕರು ಅರಿಯಬೇಕು. ಶಿವಾಜಿನಗರದ ಜವಳಿ ಅಂಗಡಿಯಲ್ಲಿ ಹಾರಾಡುವುದು ನೂಲಿನ ಎಳೆ. ಯಂತ್ರದೊಳಗಿನ ನೈಲಾನ್ ಜಾಲರಿ ಅದನ್ನು ಸುಲಭವಾಗಿ ತಡೆಯುತ್ತದೆ. ಹಲಸೂರಿನಿಂದ ಕೆ.ಆರ್.ಪುರದತ್ತ ಸಾಗುವ ಹಳೆಯ ಮದ್ರಾಸ್ ರಸ್ತೆಯ ಬದಿಯ ಮಳಿಗೆಗಳಿಗೆ ನುಗ್ಗುವ ಡೀಸೆಲ್ ಮಸಿಯ ಕಣಗಳು ಬಹುತೇಕ ಒಂದು ಮೈಕ್ರಾನಿಗಿಂತ ಚಿಕ್ಕವು. ಜಾಲರಿ ಇವನ್ನು ತಡೆಯಲಾರದು; ಶ್ವಾಸಕೋಶದ ಆಳಕ್ಕೆ ಇಳಿಯುವುದೂ ಇವೇ ಕಣಗಳು. ದಿನಕ್ಕೆ ಹತ್ತು ಗಂಟೆ ಗಲ್ಲಾದ ಮುಂದೆ ಕೂರುವ ಮಾಲೀಕನೂ ನಿಂತೇ ದುಡಿಯುವ ಸಿಬ್ಬಂದಿಯೂ ಉಸಿರಾಡುವುದು ಅದೇ ಗಾಳಿಯನ್ನು. 2009ರ ರಾಷ್ಟ್ರೀಯ ಮಾನದಂಡದ ಪ್ರಕಾರ 2.5 ಮೈಕ್ರಾನ್ ಹಾಗೂ ಅದಕ್ಕಿಂತ ಚಿಕ್ಕ ಕಣಗಳ ವಾರ್ಷಿಕ ಸರಾಸರಿ ಪ್ರತಿ ಘನ ಮೀಟರಿಗೆ 40 ಮೈಕ್ರೋಗ್ರಾಂ ಮೀರಬಾರದು.

ದರ್ಜೆಯ ಅರ್ಥ

ಅಮೆರಿಕದ ‘ಮರ್ವ್’ ಪದ್ಧತಿಯಲ್ಲಿ ದರ್ಜೆಗಳು 1ರಿಂದ 16ರವರೆಗೆ ಇವೆ. ಮರ್ವ್ 8 ಫಿಲ್ಟರ್ 3ರಿಂದ 10 ಮೈಕ್ರಾನ್ ಗಾತ್ರದ ಕಣಗಳಲ್ಲಿ ಕನಿಷ್ಠ ಶೇ. 70ರಷ್ಟನ್ನು ಹಿಡಿಯಬೇಕು. ಮರ್ವ್ 13 ಫಿಲ್ಟರ್ 0.3ರಿಂದ 1 ಮೈಕ್ರಾನ್ ಗಾತ್ರದ ಕಣಗಳಲ್ಲಿಯೂ ಕನಿಷ್ಠ ಅರ್ಧದಷ್ಟನ್ನು ಹಿಡಿಯಬೇಕು. 2016ರಲ್ಲಿ ಬಂದ ಐಎಸ್‌ಒ 16890 ಮಾನದಂಡವು ಯಾವ ಗಾತ್ರದ ಕಣವನ್ನು ಶೇಕಡಾ ಎಷ್ಟು ತಡೆಯುತ್ತದೆ ಎಂಬುದನ್ನು ನೇರವಾಗಿ ನಮೂದಿಸುತ್ತದೆ. ‘ಹೆಪಾ’ ಎಂದರೆ ಸಾಮಾನ್ಯವಾಗಿ 0.3 ಮೈಕ್ರಾನ್ ಕಣಗಳಲ್ಲಿ ಶೇ. 99.97ರಷ್ಟನ್ನು ತಡೆಯುವ ಫಿಲ್ಟರ್. ‘ಹೆಪಾ ಮಾದರಿ’ ಎಂಬ ಮುದ್ರಣಕ್ಕೆ ಇಂತಹ ಖಾತರಿ ಇಲ್ಲ.

ಹಾಗೆಂದು ಅತಿ ಸೂಕ್ಷ್ಮ ಫಿಲ್ಟರೇ ಎಲ್ಲೆಡೆ ಶ್ರೇಷ್ಠವೆಂದು ಭಾವಿಸುವುದು ತಪ್ಪು. ಫಿಲ್ಟರ್ ಸೂಕ್ಷ್ಮವಾದಷ್ಟೂ ಗಾಳಿಗೆ ಒಡ್ಡುವ ತಡೆ ಸಾಮಾನ್ಯವಾಗಿ ಹೆಚ್ಚುತ್ತದೆ. ಗೋಡೆಗೆ ತೂಗುವ ಸಾಮಾನ್ಯ ಹವಾನಿಯಂತ್ರಕದ ಫ್ಯಾನು ದುರ್ಬಲ. ಅದರ ಜಾಲರಿಯ ಮೇಲೆ ದಪ್ಪ ಪದರವನ್ನು ಹೊದಿಸಿದರೆ ಗಾಳಿ ಕುಗ್ಗಿ, ತಂಪುಗೊಳಿಸುವ ಸುರುಳಿಯ ಮೇಲೆ ಮಂಜುಗಡ್ಡೆ ಕಟ್ಟಿ, ಕೊನೆಗೆ ಕಂಪ್ರೆಸರಿಗೇ ಹಾನಿಯಾಗಬಹುದು. ಅಂತಹ ಕಡೆ ಜಾಲರಿಯನ್ನು ಹಾಗೆಯೇ ಉಳಿಸಿ, ಪ್ರತ್ಯೇಕ ವಾಯುಶುದ್ಧಿ ಯಂತ್ರವನ್ನು ಇರಿಸುವುದು ಲೇಸು.

ಬದಲಿಸುವ ಸಮಯ

ಜಾಲರಿಯನ್ನು ಎರಡು ವಾರಕ್ಕೊಮ್ಮೆ ತಣ್ಣೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಡಿಸೆಂಬರಿನಿಂದ ಮಾರ್ಚಿಯವರೆಗಿನ ಒಣ ದಿನಗಳಲ್ಲಿ ಇನ್ನೂ ಬೇಗ ತೊಳೆಯಬೇಕಾದೀತು. ಮಳೆಗಾಲದಲ್ಲಿ ಒದ್ದೆಯಾಗಿ ಮರಳಿ ಜೋಡಿಸಿದರೆ ಬೂಷ್ಟು ಹಿಡಿಯುತ್ತದೆ. ಸಾಮಾನ್ಯ ಹೆಪಾ ಫಿಲ್ಟರುಗಳನ್ನು ತೊಳೆಯಬಾರದು, ಕಂಪ್ರೆಸರ್ ಗಾಳಿಯಿಂದ ಊದಲೂ ಬಾರದು. ಹಾಗೆ ಮಾಡಿದರೆ ನಾರುಗಳು ಹರಿದು ಫಿಲ್ಟರ್ ನಿರುಪಯುಕ್ತವಾಗುತ್ತದೆ.

ದೊಡ್ಡ ಯಂತ್ರಗಳಿಗೆ ದಿನಾಂಕಕ್ಕಿಂತ ಒತ್ತಡದ ಅಳತೆ ಉತ್ತಮ ಮಾರ್ಗದರ್ಶಿ. ನೀರು ತುಂಬಿದ, ‘ಯು’ ಆಕಾರದ ಪಾರದರ್ಶಕ ನಳಿಕೆಯ ಒಂದು ತುದಿಯನ್ನು ಫಿಲ್ಟರಿನ ಮುಂದೆ, ಇನ್ನೊಂದನ್ನು ಹಿಂದೆ ಇರಿಸಿದರೆ ನೀರಿನ ಮಟ್ಟದ ವ್ಯತ್ಯಾಸವೇ ತಡೆಯ ಅಳತೆ. 25 ಮಿಲಿಮೀಟರ್ ವ್ಯತ್ಯಾಸವೆಂದರೆ ಸುಮಾರು 250 ಪಾಸ್ಕಲ್. ತಯಾರಕರು ನಮೂದಿಸಿದ ಮಿತಿ ಮುಟ್ಟಿದಾಗ, ಮಿತಿ ತಿಳಿಯದಿದ್ದಲ್ಲಿ ಹೊಸತಿದ್ದಾಗಿನ ಅಳತೆಯ ಎರಡರಷ್ಟಾದಾಗ, ಬದಲಿಸತಕ್ಕದ್ದು.

ಇದರ ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡಬಹುದು. ಗಂಟೆಗೆ 2,000 ಘನ ಮೀಟರ್ ಗಾಳಿ ಹಾಯಿಸುವ ಯಂತ್ರದಲ್ಲಿ, ಫಿಲ್ಟರ್ ಕಟ್ಟಿಕೊಂಡು 150 ಪಾಸ್ಕಲ್ ಹೆಚ್ಚುವರಿ ತಡೆ ಉಂಟಾಯಿತೆನ್ನೋಣ. ಫ್ಯಾನಿನ ದಕ್ಷತೆ ಶೇ. 50 ಇದ್ದರೆ, ಅಷ್ಟೇ ಗಾಳಿ ಹಾಯಿಸಲು ಸುಮಾರು 167 ವ್ಯಾಟ್ ಅಧಿಕ ವಿದ್ಯುತ್ ಬೇಕು. ವರ್ಷಕ್ಕೆ 3,000 ಗಂಟೆ ಓಡಿಸಿದರೆ ಅದು 500 ಯೂನಿಟ್. ಯೂನಿಟ್ಟಿಗೆ 8 ರೂಪಾಯಿಯಂತೆ ಹಿಡಿದರೂ 4,000 ರೂಪಾಯಿ ವ್ಯರ್ಥ. ಫ್ಯಾನಿನ ವೇಗ ಸ್ಥಿರವಾಗಿದ್ದರೆ ಗಾಳಿಯೇ ಕುಗ್ಗಿ, ತಂಪಾಗಲು ತಡವಾಗುತ್ತದೆ. ಎರಡರಲ್ಲಿಯೂ ನಷ್ಟ ಅಂಗಡಿಯದೇ.

ಸಣ್ಣ ಉದ್ದಿಮೆಗೆ ಅವಕಾಶ

24 ಇಂಚು ಚೌಕವೆಂದು ಮಾರುವ ಫಿಲ್ಟರಿನ ನಿಜ ಅಳತೆ ಸಾಮಾನ್ಯವಾಗಿ 592 ಮಿಲಿಮೀಟರ್. ಹೆಸರಿನ ಅಳತೆ ನಂಬಿ ಕೊಂಡರೆ ಚೌಕಟ್ಟಿನ ಸುತ್ತ ಸಂದು ಉಳಿದು, ಸೋಸದ ಗಾಳಿ ಅಲ್ಲಿಂದಲೇ ನುಸುಳಬಹುದು. ಆದ್ದರಿಂದ ಹಳೆಯ ಫಿಲ್ಟರನ್ನು ಮಿಲಿಮೀಟರಿನಲ್ಲಿ ಅಳೆದು, ಅದಕ್ಕೆ ತಕ್ಕ ಚೌಕಟ್ಟು ಹಾಗೂ ರಬ್ಬರ್ ಅಂಚು ಮಾಡಿಕೊಡಬಲ್ಲ ಸಣ್ಣ ತಯಾರಕರಿಗೆ ಇಲ್ಲಿ ನಿರಂತರ ವ್ಯಾಪಾರವಿದೆ. ಫಿಲ್ಟರ್ ಪದೇ ಪದೇ ಬೇಕಾಗುವ ಸರಕು. ಚಿಲ್ಲರೆ ಮಾರಾಟದ ಪೊಟ್ಟಣದ ಮೇಲೆ ತಯಾರಕರ ಹೆಸರು, ಪ್ರಮಾಣ ಮತ್ತು ಗರಿಷ್ಠ ಮಾರಾಟ ಬೆಲೆಯನ್ನು ಮುದ್ರಿಸುವುದು 2011ರ ಪೊಟ್ಟಣ ಸರಕುಗಳ ನಿಯಮಗಳಂತೆ ಕಡ್ಡಾಯ. ಅದರೊಡನೆ ಪರೀಕ್ಷಿತ ದರ್ಜೆ, ನಿಜ ಅಳತೆ ಮತ್ತು ಆರಂಭಿಕ ತಡೆಯನ್ನೂ ನಮೂದಿಸುವ ತಯಾರಕನಲ್ಲಿ ಗ್ರಾಹಕನು ವಿಶ್ವಾಸವಿಡುತ್ತಾನೆ. ಆ ವಿಶ್ವಾಸವೇ ಅವನನ್ನು ಮುಂದಿನ ಬಾರಿಯೂ ಅದೇ ಅಂಗಡಿಗೆ ಕರೆತರುತ್ತದೆ.