ಪಂಚ್ ಜೊತೆ ಕೂಗು ಯಾಕೆ?

ಕರಾಟೆ ಕ್ಲಾಸಲ್ಲಿ ಮಕ್ಕಳು ಪಂಚ್ ಹೊಡೆಯುವಾಗ
ಅಷ್ಟು ಜೋರಾಗಿ ಯಾಕೆ ಕೂಗ್ತಾರೆ?

ಎದುರಾಳಿನ ಹೆದರಿಸೋಕಾ?
ಅದೂ ಇದೆ.
ಆದ್ರೆ ಅಸಲಿ ಕೆಲಸ ನಡೆಯೋದು ಹೊಟ್ಟೆಯಲ್ಲಿ.

ಸೌದೆ ಒಡೆಯೋರನ್ನ ನೋಡಿದ್ದೀರಲ್ಲ?
ಕೊಡಲಿ ಬೀಳೋ ಕ್ಷಣಕ್ಕೆ ಸರಿಯಾಗಿ, "ಹ್ಹಾ!"
ಅದೇ ಇದು.

ಹೊಟ್ಟೆ ಮೇಲೆ ಕೈಯಿಡಿ.
"ಹ್ಹಾ" ಅಂತ ಜೋರಾಗಿ ಉಸಿರು ಬಿಡಿ.
ಗಟ್ಟಿಯಾಯ್ತಾ?

ಆ ಬಿಗಿ ಇದ್ರೇನೇ
ಕಾಲಿನ ಬಲ ಸೊಂಟ ದಾಟಿ ಮುಷ್ಟಿಗೆ ಬರೋದು.
ಏಟು ಬಿದ್ರೂ ತಡೆಯೋದು ಅದೇ.
ಉಸಿರು ಎಳ್ಕೊಳ್ಳೋವಾಗ ಹೊಟ್ಟೆಗೆ ಒಂದು ಬಿತ್ತೋ,
ಉಸಿರೇ ಕಟ್ಟಿಹೋಗುತ್ತೆ.

ಒಕಿನಾವಾದಲ್ಲಿ ಹುಟ್ಟಿದ ಗೋಜು-ರ್ಯು ಕರಾಟೆಯಲ್ಲಿ
ಈ ಉಸಿರು, ಈ ಬಿಗಿ ಕಲಿಯೋಕೇ ಅಂತ ಒಂದು ಕಟಾ, ಅಂದ್ರೆ ನಿಗದಿತ ಚಲನೆಗಳ ಸರಣಿ, ಇದೆ. ಹೆಸರು ಸಾಂಚಿನ್.
ನಿಧಾನ ಹೆಜ್ಜೆ.
ಮೂಗಿಂದ ಒಳಗೆ, ಬಾಯಿಂದ ಹೊರಗೆ.
ಉಸಿರಿನ ಸದ್ದು ಪಕ್ಕದವರಿಗೂ ಕೇಳುತ್ತೆ.

ಗುರುಗಳು ಹಿಂದೆ ಬಂದು
ಭುಜಕ್ಕೆ, ತೊಡೆಗೆ ಪಟಪಟ ಬಡಿದು ನೋಡ್ತಾರೆ,
ಎಲ್ಲಾದ್ರೂ ಸಡಿಲ ಆಯ್ತಾ ಅಂತ.
ಎಷ್ಟು ಚೆಂದದ ಪರೀಕ್ಷೆ ನೋಡಿ!

'ಗೋ' ಅಂದ್ರೆ ಗಟ್ಟಿ, 'ಜು' ಅಂದ್ರೆ ಮೃದು.
ಉಸಿರಾಟಕ್ಕೂ ಇವೆರಡೂ ಬೇಕು.

ಕ್ಲಾಸಲ್ಲಿ ಉಸಿರು ಬಿಗಿಹಿಡಿದು ಹೊಡೀಬೇಡಿ.
ಬಿಪಿ ಇರೋರು ಸಾಂಚಿನ್ ಶುರು ಮಾಡೋ ಮುಂಚೆ
ಡಾಕ್ಟರನ್ನ ದಯವಿಟ್ಟು ಕೇಳಿ.