ಕೈಗೆ ಸಿಗದ ಕುದುರೆ



ಹಸುವಿಗೆ ಕೊಂಬು ರಕ್ಷೆ, ಕುದುರೆಗೆ ಕಾಲೇ ರಕ್ಷೆ. ಅಂಜಿದಾಗ ಓಡುವುದು ಅದರ ಹುಟ್ಟುಗುಣ. ಕರೆದಾಗ ಬಾರದ ಕುದುರೆಯನ್ನು ಮೊಂಡು ಪ್ರಾಣಿಯೆಂದು ಹೊಡೆಯುವ ಮುನ್ನ, ಅದು ಏತಕ್ಕೆ ಅಂಜಿತೆಂದು ವಿಚಾರಿಸಬೇಕು.

1979ರ ಮಾತು. ನಾವಿನ್ನೂ ಹಿರಿಯ ಗುರುಗಳ ಸೇವೆಯಲ್ಲಿದ್ದೆವು. ಅವರೊಡನೆ ಕೋಲಾರ ಚಿನ್ನದ ಗಣಿಯ ಆಂಡರ್ಸನ್‌ಪೇಟೆಯಲ್ಲಿ ಭಕ್ತರೊಬ್ಬರ ಮನೆಯಲ್ಲಿ ತಂಗಿದ್ದೆವು. 2001ರಲ್ಲಿ ಮುಚ್ಚಿದ ಗಣಿ ಆಗ ನಡೆಯುತ್ತಿತ್ತು. ಬೆಳಿಗ್ಗೆ ಬಂಗಾರಪೇಟೆಯ ರೈಲಿಗೆ ಹೊರಡಬೇಕು. ಹೇಳಿದ್ದ ಜಟಕಾ ಬರಲಿಲ್ಲ. ಹೋಗಿ ನೋಡಿದರೆ, ಸೈನೈಡ್ ದಿಬ್ಬದ ಕೆಳಗಿನ ಬಯಲಿನಲ್ಲಿ ಕುದುರೆ ಮುಂದೆ, ಹಗ್ಗ ಹಿಡಿದ ಯುವಕ ಹಿಂದೆ! "ದಿನಾ ಇದೇ ಗೋಳು ಸ್ವಾಮಿ, ಇವತ್ತೇ ಮಾರಿಬಿಡ್ತೀನಿ" ಎಂದು ಏದುಸಿರು ಬಿಟ್ಟ.

ಅವನ ವೃದ್ಧ ತಂದೆ ಜಟಕಾ ಸಾಹೇಬರು ಕೋಲೂರಿಕೊಂಡು ಬಂದರು. "ಬೇಟಾ, ನೀನು ಅಟ್ಟಿದಷ್ಟೂ ಅದು ಓಡುತ್ತೆ, ನಿಲ್ಲು" ಎಂದರು. ತಾವೇ ಓರೆಯಾಗಿ ಅದರ ಭುಜದ ಕಡೆಗೆ ನಡೆದರು. ಕುದುರೆ ತಲೆಯೆತ್ತಿದರೆ ನಿಂತರು, ಅದು ಅವರತ್ತ ನೋಡಿದರೆ ಒಂದು ಹೆಜ್ಜೆ ಹಿಂದೆ ಸರಿದರು. ಅರ್ಧ ಗಂಟೆಯಲ್ಲಿ ಕುದುರೆ ತಾನಾಗಿ ಬಂದು ಅವರ ಕೈ ಮೂಸಿತು. ಹೊಟ್ಟೆಯ ಪಟ್ಟಿ ಬಿಗಿಯುವ ಜಾಗದಲ್ಲಿ ಹಸಿ ಗಾಯ! "ಹುಣ್ಣಿನ ಮೇಲೆ ಪಟ್ಟಿ ಬಿಗಿಯೋನ ಹತ್ತಿರ ಯಾರು ಬರ್ತಾರೆ?" ಎಂದು ಮಗನನ್ನು ಕೇಳಿದರು. ಅಂದು ಕುದುರೆಯನ್ನು ಹೂಡಲಿಲ್ಲ. ಅವರಿಗೆ ಆ ದಿನದ ದುಡಿಮೆ ಹೋಯಿತು, ನಮಗೆ ರೈಲು ತಪ್ಪಿತು. ಹಿರಿಯ ಗುರುಗಳು ನಕ್ಕು, "ಇಂದಿನ ಪಾಠ ಇಲ್ಲೇ ಆಯಿತು" ಎಂದರು.

ಆ ಹೊತ್ತಿನಲ್ಲಿ ಸಾಹೇಬರು ತಿಳಿಸಿದ ಮಾತುಗಳು ಇಂದಿಗೂ ನೆನಪಿವೆ. ಕುದುರೆಯ ಕಣ್ಣು ಪಕ್ಕಕ್ಕಿದೆ. ಸುತ್ತಲೂ ಕಾಣುತ್ತದೆ, ಆದರೆ ಬಾಲದ ನೇರ ಹಿಂದೆ ಮತ್ತು ಮೂಗಿನ ತೀರ ಮುಂದೆ ಇರುವುದು ಕಾಣದು. ಆದಕಾರಣ ಹಿಂದಿನಿಂದ ಹೋಗಬಾರದು, ಎದುರಿನಿಂದ ನುಗ್ಗಬಾರದು. ಬರಿಯ ಬುಟ್ಟಿ ತೋರಿಸಿ ಮೋಸಮಾಡಬಾರದು. ಹುರುಳಿ ತೋರಿಸಿದರೆ ಹುರುಳಿ ಕೊಡಬೇಕು. ಹಿಡಿದಾಗಲೆಲ್ಲ ಗಾಡಿಗೆ ಕಟ್ಟದೆ, ಕೆಲವು ಸಲ ಹಿಡಿದು, ಕತ್ತು ತುರಿಸಿ, ಒಂದು ಹಿಡಿ ತಿನ್ನಿಸಿ ಬಿಟ್ಟುಬಿಡಬೇಕು. ಕಲಿಯುವವರೆಗೆ ದೊಡ್ಡ ಬಯಲಿಗೆ ಬಿಡದೆ ಸಣ್ಣ ಆವರಣದಲ್ಲಿ ಮೇಯಿಸಬೇಕು. ಮುಂಗಾಲು ಕಟ್ಟಿ ಬಿಡುವ ರೂಢಿಯುಂಟು. ಬೆದರಿ ಓಡಹೋದರೆ ಮುಗ್ಗರಿಸಿ ಕಾಲು ಮುರಿದೀತು. ಎಲ್ಲಕ್ಕಿಂತ ಮೊದಲು ಗಾಯ, ಗೊರಸು ನೋಡಿ ಪಶುವೈದ್ಯರಿಗೆ ತೋರಿಸಬೇಕು.

ಮರುವರ್ಷ ಅದೇ ಊರಿಗೆ ಹೋದಾಗ ಆ ಯುವಕನೇ ಜಟಕಾ ತಂದ. ಕುದುರೆ ಮಾರಿರಲಿಲ್ಲ. ತಂದೆ ಮಾತ್ರ ತೀರಿಕೊಂಡಿದ್ದರು. "ಈಗ ಕೂಗಿದರೆ ಬರುತ್ತೆ ಸ್ವಾಮಿ. ಅಪ್ಪ ನೋಡಲಿಲ್ಲ" ಎಂದು ಕಣ್ಣೊರೆಸಿಕೊಂಡ.

ಇಂದ್ರಿಯಗಳು ಕುದುರೆಗಳು, ಮನಸ್ಸೇ ಲಗಾಮು, ಬುದ್ಧಿಯೇ ಸಾರಥಿ ಎಂಬ ಹೋಲಿಕೆ ಕಠೋಪನಿಷತ್ತಿನಲ್ಲಿದೆ. ಲಗಾಮನ್ನು ಜಗ್ಗುವುದನ್ನು ನಾವು ಬೇಗ ಕಲಿಯುತ್ತೇವೆ, ಸಡಿಲ ಬಿಡುವುದನ್ನು ಕಲಿಯುವುದೇ ಇಲ್ಲ. ಮನೆಯ ಹಿರಿಯರೇ, ಕರೆದರೆ ಮಗ ಬರುವುದಿಲ್ಲ, ಮೊಮ್ಮಗ ನಿಲ್ಲುವುದಿಲ್ಲ ಎಂದು ಮಠಕ್ಕೆ ಬಂದು ದುಃಖ ತೋಡಿಕೊಳ್ಳುತ್ತೀರಿ. ಕರೆದಾಗಲೆಲ್ಲ ಕೆಲಸವನ್ನೋ ಬೈಗುಳವನ್ನೋ ಕೊಟ್ಟಿದ್ದೀರಾ, ಒಮ್ಮೆಯಾದರೂ ಸುಮ್ಮನೆ ಕರೆದು ತಲೆ ಸವರಿ ಕಳಿಸಿದ್ದೀರಾ? ಪಟ್ಟಿಯ ಕೆಳಗಿನ ಗಾಯವನ್ನು ಮೊದಲು ನೋಡಿರಿ.

ಸರ್ವರಿಗೂ ಸನ್ಮಂಗಳವಾಗಲಿ.