ಲ್ಯಾಪ್‌ಟಾಪ್ ಜುಮ್ಮೆಂದರೆ ಗೋಡೆಯ ಪ್ಲಗ್ ನೋಡಿ

ಚಾರ್ಜಿಗೆ ಹಾಕಿದ ಲೋಹದ ಮೈಯ ಲ್ಯಾಪ್‌ಟಾಪ್ ಮೇಲೆ ಬೆರಳನ್ನು ಸುಮ್ಮನೆ ಇಟ್ಟರೆ ಏನೂ ಗೊತ್ತಾಗದಿರಬಹುದು. ಅದೇ ಬೆರಳನ್ನು ಹಗುರವಾಗಿ ಸವರಿ ನೋಡಿ, ನುಣುಪಾದ ಅಲ್ಯೂಮಿನಿಯಂ ತರಿತರಿಯಾಗಿ ಗುಂಯ್‌ಗುಡುತ್ತದೆ. ಮಣಿಕಟ್ಟಿನ ಮೆತ್ತಗಿನ ಚರ್ಮ ಅಂಚಿಗೆ ತಗುಲಿದರೆ ಜುಮ್ಮೆನ್ನುತ್ತದೆ. ಚಾರ್ಜರ್ ಕಿತ್ತರೆ ಎಲ್ಲ ಮಾಯ.

ಇದರ ಮೂಲ ಅಡಾಪ್ಟರ್‌ನಲ್ಲಿದೆ. 230 ವೋಲ್ಟ್ ಎಸಿಯನ್ನು 20 ವೋಲ್ಟ್ ಆಸುಪಾಸಿನ ಡಿಸಿಯಾಗಿ ಇಳಿಸಲು ಅದರೊಳಗಿನ ಎಲೆಕ್ಟ್ರಾನಿಕ್ ಸ್ವಿಚ್ ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್-ಆಫ್ ಆಗುತ್ತಿರುತ್ತದೆ. ಆ ಬಡಿತದ ಗದ್ದಲ ಹೊರಗೆ ಹರಡಿ ರೇಡಿಯೊ ಮುಂತಾದವನ್ನು ಕೆಡಿಸಬಾರದಲ್ಲ? ಅದಕ್ಕೆಂದೇ ಮೇನ್ಸ್ ಬದಿಗೂ ಲ್ಯಾಪ್‌ಟಾಪ್ ಬದಿಗೂ ನಡುವೆ ‘ವೈ ಕೆಪಾಸಿಟರ್’ ಎಂಬ ಪುಟ್ಟ ಬಿಲ್ಲೆಯನ್ನು ಕೂರಿಸುತ್ತಾರೆ. ಗದ್ದಲ ಅದರ ಮೂಲಕ ಹಿಂದಕ್ಕೆ ಹೋಗಿಬಿಡುತ್ತದೆ. ಆದರೆ ಮನೆಯ 50 ಹರ್ಟ್ಸ್ ಕರೆಂಟೂ ಹನಿಹನಿಯಾಗಿ ಅದರಲ್ಲೇ ಜಿನುಗುತ್ತದೆ. ಕೆಪಾಸಿಟರ್ 2.2 ನ್ಯಾನೊಫ್ಯಾರಡ್‌ನದಾದರೆ ಹೆಚ್ಚೆಂದರೆ 0.16 ಮಿಲಿಆಂಪಿಯರ್. ಎರಡು ಪಿನ್ನಿನ ಉಪಕರಣಗಳಿಗೆ ಸುರಕ್ಷತಾ ಮಾನದಂಡ ಹಾಕಿರುವ ಮಿತಿ 0.25. ಲೋಹದ ಮೈಗೆ ಟೆಸ್ಟರ್ ಹಚ್ಚಿದರೆ ದೀಪ ಮಿಣುಕಬಹುದು, ಮಲ್ಟಿಮೀಟರ್ 100 ವೋಲ್ಟ್ ಆಚೀಚೆ ತೋರಿಸಬಹುದು. ಅಂಕಿ ದೊಡ್ಡದು, ಅದರ ಹಿಂದೆ ಹರಿಯಬಲ್ಲ ಕರೆಂಟು ಮಾತ್ರ ಅತ್ಯಲ್ಪ.

ಅಷ್ಟು ಕಡಿಮೆಯಾದರೂ ಬೆರಳಿಗೆ ತಿಳಿಯುವುದು ಹೇಗೆ? ಒಣಗಿದ ಹೊರಚರ್ಮ ವಿದ್ಯುತ್ತನ್ನು ಸುಲಭವಾಗಿ ಬಿಡುವುದಿಲ್ಲ. ಆದರೂ ಲೋಹದ ಮೇಲಿನ ವೋಲ್ಟೇಜ್ ಅದನ್ನು ಸೆಕೆಂಡಿಗೆ 100 ಸಲ ಸೆಳೆದು ಬಿಡುತ್ತದೆ: ಎಸಿಯ ಪ್ರತಿ ಸುತ್ತಿನಲ್ಲಿ ಎರಡು ಸಲ. ಬೆರಳು ಜಾರುವಾಗ ಈ ಸೆಳೆತದಿಂದ ಘರ್ಷಣೆ ಏರಿಳಿದು ಚರ್ಮ ಕಂಪಿಸುತ್ತದೆ. ಉರಿಯುತ್ತಿದ್ದ ದೀಪದ ಹಿತ್ತಾಳೆ ಹೋಲ್ಡರ್ ಸವರಿದಾಗ ಇದನ್ನು ಗಮನಿಸಿದ್ದ ಅಮೆರಿಕದ ರಾಸಾಯನಿಕ ಉದ್ಯಮಿ ಎಡ್ವರ್ಡ್ ಮ್ಯಾಲಿನ್‌ಕ್ರಾಟ್, ಸಂಗಡಿಗರೊಂದಿಗೆ 1953ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು.

ಜಿನುಗುವ ಕರೆಂಟಿಗೆ ನೆಲ ಸೇರಲು ಬೇರೆ ದಾರಿಯಿದ್ದರೆ ನಮ್ಮ ಮೈ ಅದಕ್ಕೆ ಬೇಕಿಲ್ಲ. ಪ್ಲಗ್ಗಿನ ಮೂರನೆಯ, ದಪ್ಪನೆಯ ಪಿನ್ ಇರುವುದು ಅದಕ್ಕೇ. ಮೂರು ಪಿನ್ನಿನ ಅಡಾಪ್ಟರ್ ಹಾಕಿಯೂ ಜುಮ್ಮೆನ್ನುತ್ತಿದ್ದರೆ ಮೊದಲ ಅನುಮಾನ ಸಾಕೆಟ್ ಮೇಲೆ ಬರಬೇಕು. ಎಷ್ಟೋ ಹಳೆಯ ಮನೆಗಳಲ್ಲಿ, ಅಗ್ಗದ ಎಕ್ಸ್‌ಟೆನ್ಶನ್ ಬೋರ್ಡ್‌ಗಳಲ್ಲಿ ಮೇಲಿನ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ತಂತಿಯಿದ್ದರೂ ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ನೀರು ಕಾಣದೆ ಒಣಗಿರಬಹುದು. ಅರ್ಥ್ ಇಲ್ಲವೆಂದು ಅದನ್ನು ನ್ಯೂಟ್ರಲ್‌ಗೆ ಜೋಡಿಸುವುದು ಮಾತ್ರ ಪ್ರಾಣಕ್ಕೆ ಕುತ್ತು.

ಜುಮ್ಮೆನ್ನುವುದು ಬೇರೆ, ಕೈ ಒದರುವಂತೆ ಹೊಡೆಯುವುದು ಬೇರೆ. ಹೊಡೆದರೆ ಸ್ವಿಚ್ ಆರಿಸಿ, ಆ ಚಾರ್ಜರನ್ನು ಮತ್ತೆ ಬಳಸಬೇಡಿ. ಅಸಲಿ ವೈ ಕೆಪಾಸಿಟರ್ ಕೆಟ್ಟರೂ ಶಾರ್ಟ್ ಆಗದಂತೆ ತಯಾರಾಗಿರುತ್ತದೆ. ನಕಲಿ ಚಾರ್ಜರ್‌ಗಳಲ್ಲಿ ಆ ಜಾಗದಲ್ಲಿ ಸಾಮಾನ್ಯ ಕೆಪಾಸಿಟರ್ ಇದ್ದರೆ 230 ವೋಲ್ಟ್ ನೇರವಾಗಿ ಕೀಬೋರ್ಡ್‌ವರೆಗೆ ಬರಬಹುದು. ಕೊಳ್ಳುವಾಗ ಬಿಐಎಸ್ ಗುರುತು, ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ನೋಡಿ.

ಹೊಡೆತವಿಲ್ಲದೆ ಬರೀ ಜುಮ್ಮೆನ್ನುತ್ತಿದ್ದರೆ ಸರ್ವಿಸ್ ಸೆಂಟರಿಗೆ ಓಡುವ ಮುನ್ನ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅರ್ಥಿಂಗ್ ನೋಡಿಸಿ. ಗೀಸರ್, ಫ್ರಿಜ್, ವಾಷಿಂಗ್ ಮಷೀನ್‌ಗಳೂ ಅದನ್ನೇ ನಂಬಿವೆ. ಅವು ಕೆಟ್ಟಾಗ ಸೋರಿಕೆ ಕಾಲು ಮಿಲಿಆಂಪಿಯರಿಗೆ ನಿಲ್ಲುವುದಿಲ್ಲ.